ಸಲೂಷನ್ ಡಬ್ಬದ ಮುಚ್ಚಳ

ಸಂಪಾದಕೀಯ ಅಂದರೆ ಭೂಮಿ ಬಗ್ಗೆ, ಮೀಸಲಾತಿ ಬಗ್ಗೆ, ಯಾವುದೋ ಊರಿನ ದೌರ್ಜನ್ಯದ ಬಗ್ಗೆ ಇರ್ತದೆ ಅಂತ ನೀವು ಅಂದುಕೊಂಡಿರುತ್ತೀರಿ. ಆ ಮಾತುಗಳು ಮುಗಿದಿಲ್ಲ, ಮುಂದಿನ ಸಂಚಿಕೆಗಳಲ್ಲಿ ಬರ್ತವೆ. ಈ ಸಲ ಒಂದು ಡಬ್ಬದ ಬಗ್ಗೆ ಬರೆಯುತ್ತಿದ್ದೇವೆ. ಅದು ನಮ್ಮ ಕೇರಿಯ ಎಷ್ಟೋ ಮನೆಗಳಲ್ಲಿ ಅಕ್ಕಿ ಡಬ್ಬದ ಪಕ್ಕದಲ್ಲೇ ಕೂತಿದೆ. ಅಟ್ಟೆ ಅಂಟಿಸೋ ಸಲೂಷನ್ ಡಬ್ಬ, ಅದರ ಜೊತೆಗೆ ತಿನ್ನರ್ ಕ್ಯಾನು.

ನನ್ನ ಭಾವ, ಅಕ್ಕನ ಗಂಡ, ಬೆಂಗಳೂರಿನ ಒಂದು ಶೂ ಶೆಡ್ಡಿನಲ್ಲಿ ಆರು ವರ್ಷ ಅಟ್ಟೆ ಅಂಟಿಸೋ ಕೆಲಸ ಮಾಡಿದರು. ಶೆಡ್ಡಿನ ಹೆಸರು ಬೇಡ, ಅಂಥವು ಗಲ್ಲಿಗೆ ನಾಲ್ಕಿವೆ. ಎಂಟು ಜನ ನೆಲದ ಮೇಲೆ ಕೂತು ಕೆಲಸ ಮಾಡೋ ಕೋಣೆಗೆ ಒಂದೇ ಕಿಟಕಿ. ಧೂಳು ಬಂದರೆ ಅಂಟು ಹಿಡಿಯಲ್ಲ ಅಂತ ಆ ಕಿಟಕಿಗೂ ರಟ್ಟು ಹೊಡೆದಿದ್ದರು. ಜೋಡಿಗೆ ಇಷ್ಟು ಅಂತ ಲೆಕ್ಕ. ಎಷ್ಟು ಜೋಡಿಯೋ ಅಷ್ಟು ಕಾಸು. ಹೀಗಾಗಿ ಡಬ್ಬದ ಮುಚ್ಚಳ ಬೆಳಿಗ್ಗೆ ತೆಗೆದರೆ ರಾತ್ರಿವರೆಗೂ ಮುಚ್ಚುತ್ತಿರಲಿಲ್ಲ. ಪ್ರತಿ ಸಲ ಮುಚ್ಚಿ ತೆಗೆಯೋ ಹೊತ್ತಿಗೆ ದಿನಕ್ಕೆ ಎರಡು ಜೋಡಿ ಕಮ್ಮಿಯಾಗ್ತದೆ ಅಂತ ಮೇಸ್ತ್ರಿ ಲೆಕ್ಕ ಹೇಳ್ತಿದ್ದ.

ಮೊದಲು ತಲೆನೋವು. ಆಮೇಲೆ ಊಟ ಸೇರದೇ ಹೋಯಿತು. ಕೇಳಿದರೆ, "ಏನಿಲ್ಲ ಕಣಪ್ಪ, ಕಾಲು ಜುಮ್ಮು ಅಂತದೆ ಅಷ್ಟೇಯ" ಅನ್ನೋರು. ಒಂದು ದಿನ ಸಂಜೆ ಮನೆಗೆ ಬಂದಾಗ ಅಕ್ಕ ಕೇಳಿದಳು, "ಇನ್ನೊಂದು ಚಪ್ಪಲಿ ಎಲ್ಲಿ ಬಿಟ್ಟು ಬಂದ್ರಿ?" ಭಾವ ಬಗ್ಗಿ ಕಾಲು ನೋಡಿಕೊಂಡರು. ಎಡಗಾಲಿನ ಚಪ್ಪಲಿ ದಾರಿಯಲ್ಲೆಲ್ಲೋ ಕಳಚಿ ಬಿದ್ದಿತ್ತು. ಅವರಿಗೆ ಗೊತ್ತೇ ಆಗಿರಲಿಲ್ಲ. ದಿನವೆಲ್ಲಾ ಯಾರದೋ ಕಾಲಿಗೆ ಅಟ್ಟೆ ಅಂಟಿಸಿ ಬಂದ ಮನುಷ್ಯನಿಗೆ ತನ್ನ ಕಾಲಲ್ಲಿ ಚಪ್ಪಲಿ ಇದೆಯೋ ಇಲ್ಲವೋ ತಿಳಿಯಲಿಲ್ಲ.

ಡಾಕ್ಟರ ಹತ್ತಿರ ಕರಕೊಂಡು ಹೋದೆವು. "ಶುಗರ್ ಇದೆಯಾ?" ಇಲ್ಲ. "ಕುಡೀತೀಯಾ?" ಇಲ್ಲ ಅಂದರೆ ನಂಬಲಿಲ್ಲ. ಬಿ ಕಾಂಪ್ಲೆಕ್ಸ್ ಮಾತ್ರೆ ಬರೆದು ಕಳಿಸಿದರು. ಮೂರನೇ ಆಸ್ಪತ್ರೆಯಲ್ಲಿ, ಇನ್ನೂ ಓದುತ್ತಿದ್ದ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಮೊದಲ ಸಲ ಕೇಳಿದರು, "ಏನು ಕೆಲಸ ಮಾಡ್ತೀರಿ?"

ನೋಡಿ ಗೆಳೆಯರೇ, ಈ ದೇಶದಲ್ಲಿ ನಮ್ಮ ಕಸುಬು ಏನು ಅಂತ ಕೇಳದೇ ಇರೋರು ಯಾರಿದ್ದಾರೆ? ಬಾಡಿಗೆ ಮನೆ ಕೇಳಿದರೆ "ಯಾವ ಜನ?" ಹೋಟೆಲಿನ ಗಲ್ಲಾದಲ್ಲಿ, ಮದುವೆ ಮನೆ ಪಂಕ್ತಿಯಲ್ಲಿ, ಕಾಲೇಜಿನ ಹಾಸ್ಟೆಲಿನಲ್ಲಿ ಸುತ್ತಿ ಬಳಸಿ ಅದೇ ಪ್ರಶ್ನೆ. ಅದನ್ನು ಕೇಳಲೇಬೇಕಾದ ಒಂದೇ ಒಂದು ಜಾಗ ಆಸ್ಪತ್ರೆ. ಅಲ್ಲಿ ಮಾತ್ರ ಕೇಳಲ್ಲ. ಇಟಲಿಯ ರಾಮಜ್ಜಿನಿ ಅನ್ನೋ ವೈದ್ಯ 1700ರಲ್ಲೇ ಕಸುಬುದಾರರ ರೋಗಗಳ ಮೇಲೆ ಪುಸ್ತಕ ಬರೆದು, ರೋಗಿಯ ಕೆಲಸ ಏನು ಅಂತ ವೈದ್ಯರು ಕೇಳಬೇಕು ಅಂತ ಹೇಳಿದ್ದ. ಮುನ್ನೂರು ವರ್ಷ ದಾಟಿದೆ. ನಮ್ಮ ಸರದಿ ಬಂದಾಗ ಆ ಪ್ರಶ್ನೆಯನ್ನೇ ಮರೆತುಬಿಡುತ್ತಾರೆ.

ಅಂಟು ಅನ್ನೋದು ರಬ್ಬರಿನಂಥ ಒಂದು ಪದಾರ್ಥ. ಅದನ್ನು ಬ್ರಷ್ಷಿನಲ್ಲಿ ಬಳಿಯೋ ಹಾಗೆ ನೀರು ಮಾಡೋದು ದ್ರಾವಕ. ಹೆಕ್ಸೇನ್, ಟಾಲೀನ್, ಅಸಿಟೋನ್, ಈಥೈಲ್ ಅಸಿಟೇಟ್, ಎಂ.ಇ.ಕೆ. ಅಂತ ಅದಕ್ಕೆ ಹಲವು ಹೆಸರು. ಬಳಿದ ಮೇಲೆ ಅಂಟು ಉಳೀತದೆ, ದ್ರಾವಕ ಹಾರಿ ಹೋಗ್ತದೆ. ಎಲ್ಲಿಗೆ ಹೋಗ್ತದೆ? ಕಿಟಕಿ ಇದ್ದರೆ ಕಿಟಕಿಯಾಚೆಗೆ. ಇಲ್ಲದಿದ್ದರೆ ನಮ್ಮ ಎದೆಯೊಳಕ್ಕೆ. ಡಬ್ಬದಲ್ಲಿದ್ದ ದ್ರಾವಕದಲ್ಲಿ ಒಂದು ಹನಿಯೂ ಚಪ್ಪಲಿ ಜೊತೆ ಗಿರಾಕಿ ಮನೆಗೆ ಹೋಗಬಾರದು, ಅದೇ ಒಳ್ಳೇ ಅಂಟಿನ ಗುಣ. ಅಂದಮೇಲೆ ಅಷ್ಟೂ ದ್ರಾವಕ ಶೆಡ್ಡಿನಲ್ಲೇ ಖರ್ಚಾಗಬೇಕು.

ಹೆಕ್ಸೇನ್ ಒಳಗೆ ಹೋದರೆ ನಮ್ಮ ಈಲಿಯೇ ಅದನ್ನು ಇನ್ನೊಂದು ವಿಷವಾಗಿ ಮಾರ್ಪಡಿಸುತ್ತದೆ. ಆ ವಿಷ ಉದ್ದನೆ ನರಗಳನ್ನು ಮೊದಲು ಹಿಡಿಯುತ್ತದೆ. ದೇಹದಲ್ಲಿ ಉದ್ದನೆ ನರ ಕಾಲಿಂದು. ಅದಕ್ಕೇ ಮೊದಲು ಪಾದ ಜುಮ್ಮೆನ್ನುತ್ತದೆ, ಆಮೇಲೆ ಬೆರಳು, ಕಾಲುಚೀಲ ಹಾಕಿದ ಹಾಗೆ ಮೇಲಕ್ಕೆ ಏರುತ್ತಾ ಬರುತ್ತದೆ. ಎಂ.ಇ.ಕೆ. ಜೊತೆಯಲ್ಲಿದ್ದರೆ ಈ ಹಾನಿ ಇನ್ನೂ ಜೋರು. ಇದರಲ್ಲಿ ಒಂದು ಮೋಸವಿದೆ, ಅದನ್ನು ಪ್ರತಿಯೊಬ್ಬ ಕೆಲಸಗಾರನೂ ತಿಳಿದಿರಬೇಕು. ಕೆಲಸ ಬಿಟ್ಟ ಮೇಲೂ ಕೆಲವು ವಾರ, ಕೆಲವು ತಿಂಗಳು ಕಾಯಿಲೆ ಹೆಚ್ಚುತ್ತಲೇ ಹೋಗಬಹುದು. ಆಮೇಲೆ ನಿಧಾನವಾಗಿ ಇಳಿಯುತ್ತದೆ. ಭಾವನಿಗೂ ಹಾಗೇ ಆಯಿತು. ಶೆಡ್ಡು ಬಿಟ್ಟ ಎರಡನೇ ತಿಂಗಳು ಮೆಟ್ಟಿಲು ಹತ್ತಲಾರದೇ ಹೋದರು. ಮಾಲೀಕನ ಹತ್ತಿರ ಕೇಳೋಕೆ ಹೋದರೆ ಆತ ಏನಂದ ಗೊತ್ತೇ? "ನಮ್ಮಲ್ಲಿದ್ದಾಗ ನಡೀತಿದ್ದ, ಬಿಟ್ಟ ಮೇಲೆ ಬಿದ್ದ. ನಮಗೇನು ಸಂಬಂಧ?" ಆ ಹೊತ್ತು ನಮ್ಮ ಹತ್ತಿರ ಉತ್ತರ ಇರಲಿಲ್ಲ. ಬಿ.ಎ. ಓದಿದ್ದ ನನ್ನ ಹತ್ತಿರವೂ ಇರಲಿಲ್ಲ. ಅವತ್ತು ಗೊತ್ತಿಲ್ಲದೇ ಹೋಗಿದ್ದನ್ನು ಇವತ್ತು ಬರೆಯುತ್ತಿದ್ದೇನೆ. ಬಿಟ್ಟ ಮೇಲೆ ಹೆಚ್ಚಾಗೋದೇ ಈ ರೋಗದ ಗುರುತುಗಳಲ್ಲಿ ಒಂದು. ಆತ ಸಂಬಂಧ ಇಲ್ಲ ಅಂತ ತೋರಿಸಿದ ಸಾಕ್ಷಿ ನಮ್ಮ ಪರವಾಗಿ ಹೇಳೋ ಸಾಕ್ಷಿ.

ಬೆಂಜೀನ್ ಅನ್ನೋದು ಇನ್ನೊಂದು. ಇದು ಮೂಳೆಯೊಳಗೆ ರಕ್ತ ಹುಟ್ಟೋ ಜಾಗಕ್ಕೇ ಕೈ ಹಾಕುತ್ತದೆ. ರಕ್ತ ಬತ್ತುತ್ತದೆ, ರಕ್ತದ ಕ್ಯಾನ್ಸರ್ ಬರುತ್ತದೆ. ಟರ್ಕಿಯ ಇಸ್ತಾಂಬುಲ್‌ನಲ್ಲಿ ಡಾ. ಮುಜಫರ್ ಅಕ್ಸೊಯ್ ಅನ್ನೋ ವೈದ್ಯರು 1974ರಲ್ಲಿ ಒಂದು ವರದಿ ಪ್ರಕಟಿಸಿದರು. ಬೆಂಜೀನ್ ಇದ್ದ ಅಂಟಿನ ಜೊತೆ ವರ್ಷಗಟ್ಟಲೆ ಕೆಲಸ ಮಾಡಿದ ಚಪ್ಪಲಿ ಕೆಲಸಗಾರರಲ್ಲಿ 26 ಜನಕ್ಕೆ ರಕ್ತದ ಕ್ಯಾನ್ಸರ್ ಇಲ್ಲವೇ ಅದರ ಹಿಂದಿನ ಹಂತ ಕಂಡಿತ್ತು. ಗಾಳಿಯಿಲ್ಲದ ಸಣ್ಣ ಸಣ್ಣ ಅಂಗಡಿಗಳ ಜನ ಅವರು. ಇಸ್ತಾಂಬುಲ್ಲಿನ ಆ ಕೋಣೆ, ನಮ್ಮ ಗಲ್ಲಿಯ ಈ ಕೋಣೆ, ಭಾಷೆ ಬಿಟ್ಟರೆ ಬೇರೆ ವ್ಯತ್ಯಾಸ ಇದೆಯೇ? ಈಗ ಅಂಟಿಗೆ ಬೆಂಜೀನನ್ನೇ ನೇರವಾಗಿ ಹಾಕೋದು ಕಮ್ಮಿಯಾಗಿದೆ. ಆದರೆ ಅಗ್ಗದ ದ್ರಾವಕದಲ್ಲಿ ಅದು ಕಲಬೆರಕೆಯಾಗಿ ಇರಬಹುದು. ನಾವು ಕೈ ತೊಳೆಯೋಕೆ ಬಳಸೋ ಪೆಟ್ರೋಲಿನಲ್ಲೂ ಇರುತ್ತದೆ, ನೂರಕ್ಕೆ 1 ಪಾಲಿನವರೆಗೂ ಇರಬಹುದು ಅಂತ ಸರ್ಕಾರದ ಮಾನದಂಡವೇ ಒಪ್ಪಿದೆ.

ಜಪಾನಿನ ಕತೆ ಕೇಳಿ. 1950ರ ದಶಕದ ಕೊನೆಯಲ್ಲಿ ಅಲ್ಲಿ ಹೆಂಗಸರು ಮನೆಯಲ್ಲೇ ಕೂತು ಸ್ಯಾಂಡಲ್ ಅಂಟಿಸ್ತಿದ್ದರು. ಬೆಂಜೀನ್ ಅಂಟಿನಿಂದ ಅವರಲ್ಲಿ ಕೆಲವರು ಸತ್ತರು. ಗಲಾಟೆಯಾಗಿ 1959ರಲ್ಲಿ ಸರ್ಕಾರ ಬೆಂಜೀನ್ ಹೆಚ್ಚಿರೋ ಅಂಟನ್ನು ನಿಷೇಧಿಸಿತು. ಒಳ್ಳೇದಾಯಿತು. ಬದಲಿಗೆ ಏನು ಬಂತು? ಹೆಕ್ಸೇನ್ ಬಂತು. 1960ರ ದಶಕದಲ್ಲಿ ಅದೇ ಸ್ಯಾಂಡಲ್ ಕೆಲಸಗಾರರ ಕಾಲುಗಳು ಜುಮ್ಮೆಂದವು, ಕೈ ಸೋತವು. 1969ರ ವರದಿಯೊಂದರಲ್ಲಿ ಅಂಥ 93 ಜನರ ವಿವರ ಇದೆ. ಒಂದು ವಿಷ ಹೋಯಿತು ಅಂತ ಹಬ್ಬ ಮಾಡೋ ಹೊತ್ತಿಗೆ ಇನ್ನೊಂದು ಡಬ್ಬ ಬಾಗಿಲಲ್ಲಿ ಇಳಿದಿತ್ತು. 2009ರಲ್ಲಿ ಚೀನಾದ ಸುಜೌ ನಗರದಲ್ಲಿ ಮೊಬೈಲ್ ಫೋನಿನ ಗಾಜು ಒರೆಸೋಕೆ ಅದೇ ಹೆಕ್ಸೇನ್ ಬಳಸಿ ನೂರಕ್ಕೂ ಹೆಚ್ಚು ಕೆಲಸಗಾರರು ನರದ ಕಾಯಿಲೆಗೆ ಬಿದ್ದರು. ಬೇಗ ಆರುತ್ತದೆ, ಹೆಚ್ಚು ಗಾಜು ಒರೆಸಬಹುದು ಅನ್ನೋದೇ ಅಲ್ಲೂ ಕಾರಣ. ಬೇಗ ಆರೋದು ಅಂದರೆ ಬೇಗ ಗಾಳಿಗೆ ಸೇರೋದು. ಲಾಭಕ್ಕೆ ಯಾವುದು ಒಳ್ಳೆಯದೋ ಅದೇ ಶ್ವಾಸಕ್ಕೆ ಕೆಟ್ಟದ್ದು.

ಇನ್ನು ಬೆಂಕಿ.

2002ರ ಮೇ ತಿಂಗಳಲ್ಲಿ ಆಗ್ರಾದ ಒಂದು ಶೂ ಕಾರ್ಖಾನೆಗೆ ಬೆಂಕಿ ಬಿದ್ದು 40ಕ್ಕೂ ಹೆಚ್ಚು ಜನ ಸತ್ತರು. ಆಗ್ರಾದ ಶೂ ಕೆಲಸ ಅಂದರೆ ತಲೆಮಾರುಗಳಿಂದ ಜಾಟವರ ಕೈಕೆಲಸ, ನಿಮಗೆ ಗೊತ್ತಿದೆ. ಢಾಕಾ ನಗರದ ಹಳೇ ಭಾಗದಲ್ಲಿ, ಮನೆಗಳ ಕೆಳಗೇ ರಾಸಾಯನಿಕದ ಗೋದಾಮು ಇಟ್ಟಿದ್ದ ಕಡೆ, 2010ರಲ್ಲಿ ನಿಮ್ತೋಲಿಯಲ್ಲಿ ನೂರಕ್ಕೂ ಹೆಚ್ಚು ಜನ, 2019ರಲ್ಲಿ ಚುರಿಹಟ್ಟಾದಲ್ಲಿ ಸುಮಾರು 70 ಜನ ಸುಟ್ಟು ಹೋದರು. ನಮ್ಮ ಬೆಂಗಳೂರಿನಲ್ಲೇ 2020ರ ನವೆಂಬರಿನಲ್ಲಿ ಮೈಸೂರು ರಸ್ತೆ ಬಳಿಯ ಹೊಸಗುಡ್ಡದಹಳ್ಳಿಯಲ್ಲಿ ರಾಸಾಯನಿಕ ದಾಸ್ತಾನಿಗೆ ಬೆಂಕಿ ಬಿದ್ದು ಸುತ್ತಲಿನ ಜನ ಮನೆ ಬಿಟ್ಟು ಓಡಬೇಕಾಯಿತು.

ನಮ್ಮವರು ಅನ್ನೋದು, "ಸೀಮೆಎಣ್ಣೆ ಜೊತೆ ಬಾಳಿದೋರು ನಾವು, ತಿನ್ನರ್ ಏನು ಮಹಾ?" ವ್ಯತ್ಯಾಸ ಇದೆ. ಸೀಮೆಎಣ್ಣೆಯನ್ನು ಸುಮಾರು 35 ಡಿಗ್ರಿ ಮೇಲೆ ಕಾಯಿಸಿದರೆ ಮಾತ್ರ ಅದರ ಆವಿ ಕಿಡಿಗೆ ಹೊತ್ತುತ್ತದೆ. ಟಾಲೀನ್ 4 ಡಿಗ್ರಿಗೇ ಹೊತ್ತುತ್ತದೆ. ಹೆಕ್ಸೇನ್, ಅಸಿಟೋನ್ ಸೊನ್ನೆಗಿಂತ 20 ಡಿಗ್ರಿ ಕೆಳಗೇ ಹೊತ್ತುತ್ತವೆ. ಅಂದರೆ ಮಡಿಕೇರಿಯ ಚಳಿಯಲ್ಲೂ ಅವು ಸಿದ್ಧವಾಗಿ ಕೂತಿರುತ್ತವೆ, ಕಲಬುರಗಿಯ ಬೇಸಿಗೆಯಲ್ಲಂತೂ ಹೇಳೋದೇ ಬೇಡ. 10 ಅಡಿ ಉದ್ದ, 10 ಅಡಿ ಅಗಲ, 10 ಅಡಿ ಎತ್ತರದ ಮುಚ್ಚಿದ ಕೋಣೆಯಲ್ಲಿ ಎರಡು ಲೀಟರಿಗಿಂತ ಕಮ್ಮಿ ಹೆಕ್ಸೇನ್ ಆವಿಯಾದರೆ ಸಾಕು, ಇಡೀ ಕೋಣೆಯ ಗಾಳಿ ಮದ್ದಿನ ಹಾಗೆ ಸಿಡಿಯುವ ಸ್ಥಿತಿಗೆ ಬರುತ್ತದೆ. ಆ ಆವಿ ಗಾಳಿಗಿಂತ ಮೂರು ಪಟ್ಟು ಭಾರ. ಮೇಲೆ ಏರೋದಿಲ್ಲ, ನೆಲ ಹಿಡಿದು ಹರಿಯುತ್ತದೆ. ಹೊಸ್ತಿಲು ದಾಟಿ ಪಕ್ಕದ ಅಡುಗೆ ಒಲೆವರೆಗೂ ಹೋಗಿ, ಅಲ್ಲಿ ಬೆಂಕಿ ಹಿಡಿದು, ಬಂದ ದಾರಿಯಲ್ಲೇ ಡಬ್ಬಕ್ಕೆ ವಾಪಸ್ ಬರುತ್ತದೆ. ನೆಲದಲ್ಲಿ ಯಾರು ಕೂತಿರುತ್ತಾರೆ? ಮಾಲೀಕ ಕುರ್ಚಿಯಲ್ಲಿ, ನಾವು ನೆಲದಲ್ಲಿ. ಕುರ್ಚಿಗೂ ನೆಲಕ್ಕೂ ನಡುವಿನ ಹಳೇ ಲೆಕ್ಕವನ್ನು ಈ ಆವಿಯೂ ಕಲಿತುಬಿಟ್ಟಿದೆ.

ಈಗ ನಮ್ಮ ನಮ್ಮೊಳಗಿನ ಒಂದು ಮಾತು. ಇದನ್ನು ಹೊರಗಿನವರು ಹೇಳೋದಕ್ಕಿಂತ ನಾವೇ ಹೇಳಿಕೊಳ್ಳೋದು ಒಳ್ಳೇದು.

ಶೆಡ್ಡಿನ ಹಿರಿಯರನ್ನು ಕೇಳಿದರೆ, "ಚರ್ಮದ ಗಬ್ಬು ಸಹಿಸಿದ ಮೂಗು ಕಣಯ್ಯ ಇದು, ಈ ವಾಸನೆ ಯಾವ ಲೆಕ್ಕ?" ಅನ್ನುತ್ತಾರೆ. ಅದನ್ನು ಒಂದು ಹೆಮ್ಮೆಯ ಹಾಗೆ ಹೇಳುತ್ತಾರೆ. ಹೊಸ ಹುಡುಗ ತಲೆ ಸುತ್ತಿ ಹೊರಗೆ ಹೋದರೆ ನಗುತ್ತಾರೆ. ನಾನೂ ಕೇಳಿದ್ದೇನೆ, ನಾನೂ ನಕ್ಕಿದ್ದೇನೆ. ಗೆಳೆಯರೇ, ಗಬ್ಬು ಸಹಿಸೋದು ನಮ್ಮ ಕುಲದ ಗುಣ ಅಂತ ನಮಗೆ ಹೇಳಿಕೊಟ್ಟವರು ಯಾರು? ಅದನ್ನು ನಮ್ಮ ತಲೆಗೆ ತುಂಬಿದವರು ಗಬ್ಬು ಮುಟ್ಟದೇ ಬದುಕಿದವರು. ಸುಣ್ಣದ ಗುಂಡಿಯಲ್ಲಿ, ತಂಗಡಿ ತೊಗಟೆ ನೀರಿನಲ್ಲಿ ಚರ್ಮ ಹದ ಮಾಡಿದ ನಮ್ಮ ತಾತಂದಿರು ಅದನ್ನು ಸಹಿಸಿದ್ದು ಬೇರೆ ದಾರಿ ಇಲ್ಲದೆ. ಅದು ಅವರ ಗತಿಯಾಗಿತ್ತು, ಗುಣ ಅಂತ ಯಾಕೆ ಹಾಡಬೇಕು?

ಇನ್ನೊಂದು ಮಾತು. ಹಸಿ ಚರ್ಮದ ವಾಸನೆ ಎಚ್ಚರಿಕೆ ಕೊಡುತ್ತಿತ್ತು, ದೂರ ಇರು ಅನ್ನುತ್ತಿತ್ತು. ತಿನ್ನರಿನ ವಾಸನೆ ಸಿಹಿ. ಸ್ವಲ್ಪ ಹೊತ್ತಿಗೆ ಮೂಗು ಸೋತು ವಾಸನೆಯೇ ತಿಳಿಯದಾಗುತ್ತದೆ. "ಅಭ್ಯಾಸವಾಯ್ತು" ಅನ್ನುತ್ತೇವಲ್ಲ, ಅದು ಮೂಗು ಸೋತ ಸುದ್ದಿ ಅಷ್ಟೇ. ಅಮೆರಿಕದಲ್ಲಿ 1987ರಿಂದ ಬೆಂಜೀನಿಗೆ ಇರೋ ಮಿತಿ ಗಾಳಿಯ 10 ಲಕ್ಷ ಪಾಲಿಗೆ 1 ಪಾಲು. ಮೂಗಿಗೆ ಅದರ ವಾಸನೆ ತಿಳಿಯೋ ಹೊತ್ತಿಗೆ ಆ ಮಿತಿ ದಾಟಿರುತ್ತದೆ. ಮೂಗನ್ನು ನಂಬಿ ಬದುಕೋಕೆ ಆಗಲ್ಲ.

ಕಲ್ಯಾಣದ ಹರಳಯ್ಯ ತನ್ನ ತೊಡೆಯ ಚರ್ಮದಿಂದ ಬಸವಣ್ಣನಿಗೆ ಪಾದರಕ್ಷೆ ಮಾಡಿಕೊಟ್ಟ ಕತೆ ನಮ್ಮ ಕೇರಿಯ ಮಕ್ಕಳಿಗೂ ಗೊತ್ತು. ಅವನು ಕೊಟ್ಟಿದ್ದು ಪ್ರೀತಿಯಿಂದ, ತಿಳಿದು, ತಾನೇ ಕೊಟ್ಟಿದ್ದು. ಇವತ್ತು ಜೋಡಿ ಲೆಕ್ಕದ ಕೂಲಿಗೆ ನಮ್ಮ ಕಾಲಿನ ನರ, ನಮ್ಮ ಮೂಳೆಯ ರಕ್ತ ಚಪ್ಪಲಿಗೆ ಸೇರಿ ಹೋಗ್ತಿದೆ. ಕೊಟ್ಟವರಿಗೂ ಗೊತ್ತಿಲ್ಲ, ಮೆಟ್ಟಿದವರಿಗೂ ಗೊತ್ತಿಲ್ಲ. ಗೊತ್ತಿರೋನು ಡಬ್ಬದ ಮೇಲಿನ ಚೀಟಿ ಕಿತ್ತು ಒಳಗೆ ಕಳಿಸೋನು. ನಮ್ಮ ಶೆಡ್ಡುಗಳಲ್ಲಿ ಡಬ್ಬದ ಬಾಯಿ ತೆರೆದಿರುತ್ತದೆ, ಡಬ್ಬದ ಹೆಸರು ಮುಚ್ಚಿರುತ್ತದೆ. ಇದನ್ನು ತಿರುಗಿಸಬೇಕು. ಬಾಯಿ ಮುಚ್ಚಬೇಕು, ಹೆಸರು ತೆರೀಬೇಕು.

ನಾಳೆ ಬೆಳಿಗ್ಗೆಯಿಂದಲೇ ನಾವು ಮಾಡಬಹುದಾದದ್ದು ಇಷ್ಟಿದೆ. ಓದು ಬಾರದವರಿಗೆ ಓದಿ ಹೇಳಿ.

1. ಮುಚ್ಚಳ. ಒಂದು ದಿನಕ್ಕೆ ಬೇಕಾದಷ್ಟನ್ನೇ ಸಣ್ಣ ತಗಡಿನ ಡಬ್ಬಕ್ಕೆ ಬಗ್ಗಿಸಿಕೊಳ್ಳಿ. ಬ್ರಷ್ ತೂರೋವಷ್ಟೇ ತೂತು ಬಿಟ್ಟು ಮುಚ್ಚಳ ಹಾಕಿ. ಕೆಲಸ ನಿಂತರೆ ಪೂರ್ತಿ ಮುಚ್ಚಿ. ದೊಡ್ಡ ಕ್ಯಾನು ಕೆಲಸದ ಕೋಣೆಯಲ್ಲಿ, ಬಾಗಿಲ ಬಳಿ, ಮಲಗೋ ಮನೆಯಲ್ಲಿ ಇರಬಾರದು.

2. ಗಾಳಿ. ಆವಿ ನೆಲದಲ್ಲಿರೋದರಿಂದ ಗಾಳಿ ನೆಲದ ಮಟ್ಟದಲ್ಲಿ ಹೊರಗೆ ಹೋಗಬೇಕು. ಎದುರು ಬದುರು ಬಾಗಿಲು ಕಿಟಕಿ ತೆಗೀರಿ. ತಲೆ ಮೇಲಿನ ಸೀಲಿಂಗ್ ಫ್ಯಾನು ವಿಷವನ್ನು ಕೋಣೆ ತುಂಬಾ ಹಂಚುತ್ತದೆ, ಹೊರಗೆ ಹಾಕಲ್ಲ. ಹೊರಗೆ ಎಳೆಯೋ ಫ್ಯಾನು ಕೆಳಗಿರಬೇಕು, ಕಿಡಿ ಹಾರದ ಜಾತಿಯದಾಗಿರಬೇಕು. ಧೂಳಿನ ನೆಪಕ್ಕೆ ಕಿಟಕಿಗೆ ರಟ್ಟು ಹೊಡೆಯೋಕೆ ಬಿಡಬೇಡಿ. ಧೂಳಿಗೆ ಬಲೆ ಹಾಕಬಹುದು.

3. ಕಿಡಿ. ಬೀಡಿ, ಒಲೆ, ಸೊಳ್ಳೆ ಬತ್ತಿ, ದೇವರ ದೀಪ, ಹೀಟರು, ಸಡಿಲವಾದ ಸ್ವಿಚ್ಚು, ಚಾರ್ಜಿಗೆ ಹಾಕಿದ ಫೋನು, ಯಾವುದೂ ಆ ಕೋಣೆಯಲ್ಲಿ ಬೇಡ. ಡ್ರಮ್ಮಿನಿಂದ ಬಗ್ಗಿಸುವಾಗಲೂ ದ್ರಾವಕ ಹರಿದ ಉಜ್ಜಾಟಕ್ಕೇ ಕಿಡಿ ಹುಟ್ಟಬಹುದು. ಪ್ಲಾಸ್ಟಿಕ್ ಬಕೆಟ್ ಬಿಟ್ಟು ಲೋಹದ ಪಾತ್ರೆ ಬಳಸಿ. ಡ್ರಮ್ಮಿಗೂ ಪಾತ್ರೆಗೂ ತಂತಿ ಕಟ್ಟಿ, ಡ್ರಮ್ಮಿಗೆ ಅರ್ತ್ ಕೊಡಿಸಿ, ಮೆಲ್ಲಗೆ ಬಗ್ಗಿಸಿ.

4. ಬಟ್ಟೆ. ಒರೆಸಿದ ಬಟ್ಟೆಯನ್ನು ಮೂಲೆಗೆ ಎಸೀಬೇಡಿ. ಮುಚ್ಚಳವಿರೋ ತಗಡಿನ ಡಬ್ಬಕ್ಕೆ ಹಾಕಿ, ಸಂಜೆ ಹೊರಗೆ ಸಾಗಿಸಿ. ಉಳಿದ ತಿನ್ನರನ್ನು ಚರಂಡಿಗೆ ಸುರೀಬೇಡಿ. ಚರಂಡಿಯಲ್ಲೂ ಆವಿ ಹರಿಯುತ್ತದೆ, ಅಲ್ಲಿ ಇಳಿಯೋನೂ ನಮ್ಮಣ್ಣನೇ.

5. ಬೆಂಕಿ ಬಿದ್ದರೆ ನೀರು ಎರಚಬೇಡಿ. ಹೆಕ್ಸೇನ್, ಟಾಲೀನ್ ನೀರಿಗಿಂತ ಹಗುರ, ನೀರಿನ ಮೇಲೆ ತೇಲುತ್ತಾ ಬೆಂಕಿಯನ್ನು ಹರಡುತ್ತವೆ. ಸಣ್ಣ ಡಬ್ಬಕ್ಕೆ ಹೊತ್ತಿದರೆ ಮುಚ್ಚಳ ಮುಚ್ಚಿ ಗಾಳಿ ತಪ್ಪಿಸಿ. ಒಣ ಮರಳಿನ ಬಕೆಟ್ಟು, ಪೌಡರ್ ಸಿಲಿಂಡರು ಬಾಗಿಲ ಹತ್ತಿರ ಇರಲಿ. ದೊಡ್ಡದಾದರೆ ಮಾಲು ಉಳಿಸೋಕೆ ಹೋಗಬೇಡಿ, ಜನ ಹೊರಗೆ ಬರಲಿ. ಬಾಗಿಲು ಹೊರಗಿನಿಂದ ಬೀಗ ಹಾಕೋ ಶೆಡ್ಡಿನಲ್ಲಿ ಒಂದು ಗಳಿಗೆಯೂ ಕೂರಬೇಡಿ.

6. ಕೈ, ಮೂಗು. ಕೈಗೆ ಅಂಟಿದ್ದನ್ನು ತಿನ್ನರ್, ಪೆಟ್ರೋಲಿನಲ್ಲಿ ತೊಳೀಬೇಡಿ, ಚರ್ಮದಿಂದಲೂ ವಿಷ ಒಳಗೆ ಹೋಗುತ್ತದೆ. ಕೊಬ್ಬರಿ ಎಣ್ಣೆ ಹಚ್ಚಿ ಉಜ್ಜಿ ಸೋಪು ಹಾಕಿ. ಮೂಗಿಗೆ ಟವಲು ಕಟ್ಟೋದು, ಆಸ್ಪತ್ರೆಯ ಬಟ್ಟೆ ಮಾಸ್ಕು ಹಾಕೋದು ಧೂಳಿಗೆ ಸರಿ, ಆವಿಗೆ ಏನೂ ಇಲ್ಲ. ಆವಿ ತಡೆಯೋದು ಇದ್ದಿಲು ತುಂಬಿದ ಡಬ್ಬಿ ಇರೋ ಮಾಸ್ಕು, ಆ ಡಬ್ಬಿಯನ್ನೂ ಆಗಾಗ ಬದಲಾಯಿಸಬೇಕು. ಎಲ್ಲಾ ಗ್ಲೌಸೂ ಎಲ್ಲಾ ದ್ರಾವಕ ತಡೆಯೋದಿಲ್ಲ. ಮಾಲೀಕ ಒಂದು ಮಾಸ್ಕು ಕೊಟ್ಟು ಕಿಟಕಿ ಮಾತು ಮುಚ್ಚಿ ಹಾಕೋಕೆ ಬಂದರೆ ಒಪ್ಪಬೇಡಿ. ಗಾಳಿ ಮೊದಲು, ಮಾಸ್ಕು ಆಮೇಲೆ.

7. ಮಕ್ಕಳು, ಬಸುರಿಯರು. ಮನೆಯಲ್ಲೇ ಅಂಟಿಸೋ ಕೆಲಸ ಮಾಡೋರು ಅದನ್ನು ಜಗುಲಿಗೆ, ಅಂಗಳಕ್ಕೆ ತನ್ನಿ. ತೊಟ್ಟಿಲು ಇರೋ ಕೋಣೆಯಲ್ಲಿ ಡಬ್ಬ ತೆಗೀಬೇಡಿ. ಬಸುರಿ ಹೆಂಗಸರು ಈ ಆವಿಯಿಂದ ದೂರ ಇರಬೇಕು. ಅವರಿಗೆ ಹೊಲಿಯೋ, ಕತ್ತರಿಸೋ ಕೆಲಸ ಕೊಡಬೇಕು, ಕೂಲಿ ಕಡೀಬಾರದು. ತಿನ್ನರನ್ನು ನೀರಿನ ಬಾಟಲಿಗೆ ಹಾಕಿಡಬೇಡಿ. ಮಗು ಕುಡಿದುಬಿಟ್ಟರೆ ವಾಂತಿ ಮಾಡಿಸಬೇಡಿ, ವಾಂತಿಯ ಜೊತೆ ಅದು ಪುಪ್ಪುಸಕ್ಕೆ ಇಳಿಯುತ್ತದೆ. ಬಾಟಲಿ ಸಮೇತ ಆಸ್ಪತ್ರೆಗೆ ಓಡಿ.

8. ಯಾರಾದರೂ ಮುಚ್ಚಿದ ಕೋಣೆಯಲ್ಲೋ ಟ್ಯಾಂಕಿನಲ್ಲೋ ತಲೆ ಸುತ್ತಿ ಬಿದ್ದರೆ ತಕ್ಷಣ ಒಳಗೆ ನುಗ್ಗಬೇಡಿ. ಮ್ಯಾನ್‌ಹೋಲಿನಲ್ಲಿ ಒಬ್ಬನನ್ನು ಎತ್ತೋಕೆ ಹೋಗಿ ಇನ್ನಿಬ್ಬರು ಸತ್ತ ಸುದ್ದಿ ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಮೊದಲು ಬಾಗಿಲು ಕಿಟಕಿ ತೆಗೆದು ಗಾಳಿ ಬಿಡಿ, ನೆರವಿಗೆ ಕೂಗಿ, ಅಗ್ನಿಶಾಮಕದವರನ್ನು ಕರೆಸಿ. ಟ್ಯಾಂಕಿಗೆ ಬರಿ ಮೂಗಿನಲ್ಲಿ ಇಳಿಯಲೇಬೇಡಿ.

9. ಡಾಕ್ಟರು ಕೇಳದಿದ್ದರೂ ನೀವೇ ಹೇಳಿ: "ನಾನು ಸಲೂಷನ್ ಕೆಲಸ ಮಾಡ್ತೀನಿ, ಇಷ್ಟು ವರ್ಷವಾಯ್ತು." ರಕ್ತದ ಪರೀಕ್ಷೆ ಮಾಡಿಸಿ, ಚೀಟಿ ಜೋಪಾನವಾಗಿಡಿ. ಪಾದ ಜುಮ್ಮೆಂದರೆ, ಚಪ್ಪಲಿ ಜಾರಿದ್ದು ತಿಳಿಯದಿದ್ದರೆ, ಒಸಡಲ್ಲಿ ರಕ್ತ ಬಂದರೆ, ಸುಸ್ತು ಬಿಡದಿದ್ದರೆ ತಡಮಾಡಬೇಡಿ.

ಇಷ್ಟೂ ನಾವು ಮಾಡಬಹುದಾದದ್ದು. ಆದರೆ ಗೆಳೆಯರೇ, ಇದನ್ನೇ ಓದಿ "ಕೆಲಸಗಾರ ಜಾಗ್ರತೆಯಾಗಿದ್ದರೆ ಎಲ್ಲಾ ಸರಿ" ಅಂತ ಯಾರಾದರೂ ಅಂದರೆ ಅದು ಇನ್ನೊಂದು ಮೋಸ. ಮುಚ್ಚಳ ಹಾಕೋದು ನಮ್ಮ ಕೈ, ನಿಜ. ಮುಚ್ಚಳ ಹಾಕಿದ್ದಕ್ಕೆ ಎರಡು ಜೋಡಿ ಕೂಲಿ ಕಡಿಯೋದು ಯಾರ ಕೈ? ಡಬ್ಬ ಮುಚ್ಚಿ ತೆಗೆಯೋ ಹೊತ್ತೂ ಕೆಲಸದ ಹೊತ್ತೇ ಅಂತ ಜೋಡಿ ದರದಲ್ಲಿ ಸೇರಬೇಕು. ಫ್ಯಾನು, ಮರಳು, ಮಾಸ್ಕು, ರಕ್ತ ಪರೀಕ್ಷೆ, ಇವೆಲ್ಲಾ ಮಾಲೀಕನ ಖರ್ಚು. ಅಂಟು ಕೊಂಡ ಹಾಗೇ ಇದನ್ನೂ ಕೊಳ್ಳಬೇಕು.

ಕಾನೂನು ಏನು ಹೇಳುತ್ತದೆ? ಬಾಬಾಸಾಹೇಬರು 1942ರಿಂದ 1946ರವರೆಗೆ ವೈಸ್‌ರಾಯ್ ಮಂಡಳಿಯಲ್ಲಿ ಕಾರ್ಮಿಕ ಖಾತೆ ನೋಡಿಕೊಂಡವರು. ಕಾರ್ಖಾನೆ ಕೆಲಸ ವಾರಕ್ಕೆ 48 ಗಂಟೆ ಅಂತ 1946ರಲ್ಲಿ ತಿದ್ದುಪಡಿಯಾದದ್ದರ ಹಿಂದೆ ಅವರ ದುಡಿಮೆ ಇದೆ. ಆಮೇಲೆ 1948ರ ಕಾರ್ಖಾನೆ ಕಾಯ್ದೆ ಬಂತು. 1984ರಲ್ಲಿ ಭೋಪಾಲದಲ್ಲಿ ಸಾವಿರಾರು ಜನ ಸತ್ತ ಮೇಲೆ, 1987ರಲ್ಲಿ ಆ ಕಾಯ್ದೆಗೆ ತಿದ್ದುಪಡಿ ಮಾಡಿ, ಯಾವ ವಿಷದ ಜೊತೆ ಕೆಲಸ ಮಾಡ್ತಿದ್ದೇವೆ ಅಂತ ತಿಳಿಯೋ ಹಕ್ಕನ್ನು ಕಾರ್ಮಿಕನಿಗೆ ಬರೆದುಕೊಟ್ಟರು. ಅಪಾಯಕಾರಿ ರಾಸಾಯನಿಕಗಳ 1989ರ ನಿಯಮಗಳು ಡಬ್ಬಕ್ಕೆ ಚೀಟಿ, ಜೊತೆಗೆ ಸುರಕ್ಷತಾ ಮಾಹಿತಿ ಪತ್ರ ಬೇಕು ಅನ್ನುತ್ತವೆ. 2025ರ ನವೆಂಬರ್ 21ರಿಂದ ಹಳೇ ಕಾರ್ಖಾನೆ ಕಾಯ್ದೆಯ ಜಾಗಕ್ಕೆ 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆ ಬಂದಿದೆ. ಅದರಲ್ಲಿ ನೇಮಕಾತಿ ಪತ್ರ ಕೊಡಲೇಬೇಕು ಅಂತ ಇದೆ, ಸುರಕ್ಷತೆಯ ಮಾಹಿತಿ ಕೇಳೋ ಹಕ್ಕೂ ಇದೆ. ಒಳ್ಳೇದು. ಆದರೆ ವಿದ್ಯುತ್ ಬಳಸೋ ಜಾಗ ಕಾರ್ಖಾನೆ ಅನ್ನಿಸಿಕೊಳ್ಳೋಕೆ ಮೊದಲು 10 ಜನ ಸಾಕಿತ್ತು, ಈಗ 20 ಜನ ಬೇಕು. ವಿದ್ಯುತ್ ಇಲ್ಲದ ಕಡೆ 20 ಇದ್ದದ್ದು 40 ಆಗಿದೆ. ಭಾವನ ಶೆಡ್ಡಿನಲ್ಲಿ ಇದ್ದದ್ದು 8 ಜನ. ಬೇಲಿಯನ್ನು ಇನ್ನಷ್ಟು ದೂರಕ್ಕೆ ಹಾಕಿದ್ದಾರೆ, ನಾವು ಮೊದಲೂ ಹೊರಗೇ ಇದ್ದೆವು, ಈಗ ಇನ್ನೂ ಹೊರಗೆ. ಊರ ಹೊರಗಿನ ಕೇರಿಯವರಿಗೆ ಇದೇನು ಹೊಸದಲ್ಲ.

ಆ ಸಂಹಿತೆಯಲ್ಲೇ ಒಂದು ಸಂದಿಯಿದೆ. ಪ್ರಾಣಕ್ಕೆ ಅಪಾಯ ಇರೋ ಕೆಲಸ ನಡೆಯೋ ಜಾಗಕ್ಕೆ ಈ ತಲೆ ಎಣಿಕೆ ಅಡ್ಡ ಬರಲ್ಲ, ಅಂಥ ಕೆಲಸ ಯಾವುದು ಅಂತ ಕೇಂದ್ರ ಸರ್ಕಾರ ಪ್ರಕಟಿಸಬೇಕು. ನಮ್ಮ ಬೇಡಿಕೆ ಇಲ್ಲಿಂದ ಶುರುವಾಗಲಿ. ದ್ರಾವಕದ ಅಂಟು ಬಳಸೋ ಪ್ರತಿ ಕೋಣೆ, ಅಲ್ಲಿ ಒಬ್ಬನೇ ಕೂತಿದ್ದರೂ, ಆ ಪಟ್ಟಿಯಲ್ಲಿರಬೇಕು. ಡಬ್ಬದ ಚೀಟಿ ಕನ್ನಡದಲ್ಲಿರಬೇಕು, ಓದು ಬಾರದವರಿಗೂ ತಿಳಿಯೋ ಹಾಗೆ ಬೆಂಕಿಯ ಚಿತ್ರ, ಎದೆ ಬಿರಿದ ಮನುಷ್ಯನ ಚಿತ್ರ ಅಳಿಸದೆ ಇರಬೇಕು. ನೀರಿನಲ್ಲಿ ಕದಡಿದ ಅಂಟು ಬಂದಿದೆ, ಅದು ಆರೋಕೆ ಸ್ವಲ್ಪ ಹೊತ್ತು ಹೆಚ್ಚು ಬೇಕು, ಬಿಸಿ ಬೇಕು. ಸಣ್ಣ ಕಸುಬುದಾರರಿಗೆ ಆ ಅಂಟನ್ನೂ ಅದಕ್ಕೆ ಬೇಕಾದ ಯಂತ್ರವನ್ನೂ ಸಹಾಯಧನದಲ್ಲಿ ಕೊಡಬೇಕು. 1976ರಲ್ಲಿ ನಮ್ಮ ಹೆಸರಿನಲ್ಲೇ ಹುಟ್ಟಿದ ಲಿಡ್ಕರ್ ನಿಗಮ ತನ್ನ ಪ್ರತಿ ತರಬೇತಿಯಲ್ಲೂ ಒಂದು ಪೂರ್ತಿ ದಿನವನ್ನು ಈ ಪಾಠಕ್ಕೆ ಇಡಬೇಕು. ಕಾನೂನಿನ ವೃತ್ತಿರೋಗಗಳ ಪಟ್ಟಿಯಲ್ಲಿ ಬೆಂಜೀನಿನ ಕಾಯಿಲೆ ಇದೆ, ಪಟ್ಟಿ ಇದ್ದು ಪ್ರಯೋಜನ ಆಗಬೇಕಾದರೆ ಜಿಲ್ಲಾ ಆಸ್ಪತ್ರೆಯ ಚೀಟಿಯಲ್ಲಿ "ಕೆಲಸ" ಅನ್ನೋ ಒಂದು ಸಾಲು ಇರಬೇಕು.

ಹಿಂದಕ್ಕೆ ಹೋಗೋಣ ಅಂತ ನಾವು ಹೇಳುತ್ತಿಲ್ಲ. ಅಥಣಿ ಕಡೆಯ ಹಳೇ ಕೊಲ್ಹಾಪುರಿ ಚಪ್ಪಲಿಗೆ ಅಂಟು ಬೇಡ, ಚರ್ಮದ ಬಾರಿನ ಹೊಲಿಗೆ ಸಾಕು. 2019ರಲ್ಲಿ ಅದಕ್ಕೆ ಭೌಗೋಳಿಕ ಗುರುತು ಸಿಕ್ಕಿತು, ಸಂತೋಷ. ಆದರೆ ಎಲ್ಲರೂ ಕೊಲ್ಹಾಪುರಿ ಹೊಲಿದು ಬದುಕಲಾಗದು. ಕಸುಬು ಬಿಡೋರು ಬಿಡಲಿ, ನಮ್ಮ ಮಕ್ಕಳು ಓದಿ ಬೇರೆ ಕೆಲಸಕ್ಕೆ ಹೋಗಲಿ. ಇರೋವರೆಗೆ ಕಾಲು ನೆಟ್ಟಗಿರಲಿ ಅನ್ನೋದಷ್ಟೇ ಮಾತು. ಈ ಮಾತು ಚಪ್ಪಲಿಯವರಿಗೆ ಮಾತ್ರವೂ ಅಲ್ಲ. ಗ್ಯಾರೇಜಿನ ಹುಡುಗ, ಪೇಂಟರು, ಪಾಲಿಷ್ ಕೆಲಸದವನು, ಪ್ರೆಸ್ಸಿನಲ್ಲಿ ರೋಲರ್ ಒರೆಸೋನು, ಗಾರ್ಮೆಂಟ್ಸಿನಲ್ಲಿ ಕಲೆ ತೆಗೆಯೋ ಅಕ್ಕ, ಎಲ್ಲರ ಮುಂದೆಯೂ ಇದೇ ಡಬ್ಬ ಬೇರೆ ಬೇರೆ ಹೆಸರಿನಲ್ಲಿದೆ.

ಭಾವ ಈಗ ಕೋಲು ಬಿಟ್ಟು ನಡೆಯುತ್ತಾರೆ. ಒಂದೂವರೆ ವರ್ಷ ಹಿಡಿಯಿತು. ಬೆರಳ ತುದಿ ಇನ್ನೂ ಪೂರ್ತಿ ತಿಳಿಯಲ್ಲ, ರಂಪಿಗೆ ಹಿಡಿದರೆ ಜಾರುತ್ತದೆ. ಬಸ್ ಸ್ಟ್ಯಾಂಡಿನ ಹತ್ತಿರ ಮರದ ಕೆಳಗೆ ಕೂರುತ್ತಾರೆ. ಬಯಲಲ್ಲಿ ಕೂರೋದರಿಂದ ಗಾಳಿಗೆ ಬಡತನವಿಲ್ಲ. ಹತ್ತಿರ ಒಂದು ಪುಟ್ಟ ಸಲೂಷನ್ ಡಬ್ಬ, ಅದಕ್ಕೊಂದು ಮುಚ್ಚಳ. ಮೊನ್ನೆ ಗಿರಾಕಿಯೊಬ್ಬ, "ಬೇಗ ಮಾಡಯ್ಯ, ಅದನ್ನೇನು ಮುಚ್ಚಿ ಮುಚ್ಚಿ ತೆಗೀತೀಯ" ಅಂದ. ಭಾವ ಮುಚ್ಚಳ ಒತ್ತಿ ಹೇಳಿದರು, "ನಿಂತ್ಕಳಿ ಸ್ವಾಮಿ. ನಿಮ್ ಕಾಲ್ದು ಆಯ್ತದೆ. ನನ್ ಕಾಲೂ ಇರ್ಲಿ."

ಮುಂದಿನ ಸಭೆಗೆ ಬರುವಾಗ ಪ್ರತಿಯೊಬ್ಬರೂ ನಿಮ್ಮ ಶೆಡ್ಡಿನ ಡಬ್ಬದ ಮೇಲೆ ಏನು ಬರೆದಿದೆ ಅಂತ ನೋಡಿ ಬರೆದುಕೊಂಡು ಬನ್ನಿ. ಚೀಟಿ ಕಿತ್ತಿದ್ದರೆ, "ಚೀಟಿ ಕಿತ್ತಿದೆ" ಅಂತ ಬರೆದುಕೊಂಡು ಬನ್ನಿ. ಎಷ್ಟು ಜನ ಕೂರುತ್ತೀರಿ, ಎಷ್ಟು ಕಿಟಕಿ ಇದೆ, ಎಷ್ಟು ತೆರೆದಿದೆ, ಅದನ್ನೂ ಬರೆಯಿರಿ. ಆ ಕಾಗದಗಳನ್ನೆಲ್ಲಾ ಒಟ್ಟು ಮಾಡಿ ಕಾರ್ಮಿಕ ಇಲಾಖೆಯ ಬಾಗಿಲಿಗೆ ಹೋಗೋಣ. ಬರಿಗೈಯಲ್ಲಿ ಕೂಗಿದರೆ ಕಳಿಸಿಬಿಡುತ್ತಾರೆ. ಹೆಸರು ಹಿಡಿದು ಕೇಳಿದರೆ ಉತ್ತರ ಕೊಡಬೇಕಾಗುತ್ತದೆ.

ಜೈ ಭೀಮ್.